ಅಜ್ಜಿಯ ಶಾವಿಗೆ ಒರಳು ಕಲಾಕೃತಿಯಾದದ್ದು ಯಾವ ಗಳಿಗೆಯಲ್ಲಿ?

ಹಳೆಮನೆ, ಆಲ್ದೂರು

ಆಲ್ದೂರಿನ ಸಮೀಪದ ನಮ್ಮ ಹಿರಿಯರ ತೊಟ್ಟಿಮನೆಯನ್ನು ದೊಡ್ಡಪ್ಪನ ಮಗ, ನನ್ನ ಅಣ್ಣ, ಕಳೆದ ವರ್ಷ ದುರಸ್ತಿ ಮಾಡಿಸಿ ಹೋಂಸ್ಟೇ ಆರಂಭಿಸಿದ್ದಾನೆ. ಅಟ್ಟದಲ್ಲಿ ಧೂಳು ಹಿಡಿದಿದ್ದ ಸಾಮಾನುಗಳನ್ನೆಲ್ಲ ಕೆಳಗಿಳಿಸಿ, ತೊಳೆಸಿ, ಮರದವುಗಳಿಗೆ ವಾರ್ನಿಷ್ ಹೊಡೆಸಿ, ಜಗಲಿಯ ಗೋಡೆಯುದ್ದಕ್ಕೂ ಜೋಡಿಸಿದ್ದಾನೆ. ಕೊಳಗ, ಬಳ್ಳ, ಸೇರು, ಪಾವುಗಳದ್ದು ಒಂದು ಸಾಲು. ಅಡಕತ್ತರಿ, ಸುಣ್ಣದ ಡಬ್ಬಿ, ಕಡೆಗೋಲುಗಳದ್ದು ಇನ್ನೊಂದು. ಬಾಗಿಲ ಎದುರಿಗೆ, ಗೋಡೆಗೆ ಬಡಿದ ಹಲಗೆಯ ಮೇಲೆ, ಪುಟ್ಟ ದೀಪವೊಂದರ ಬೆಳಕಿನಡಿ, ಅಜ್ಜಿಯ ಶಾವಿಗೆ ಒರಳು.

ಹೋದ ತಿಂಗಳು ಬಂದಿದ್ದ ಅತಿಥಿಯೊಬ್ಬರು ಅದರ ಮುಂದೆ ಬಹಳ ಹೊತ್ತು ನಿಂತಿದ್ದು, “ಇದು ಯಾವ ಕಲಾವಿದರ ಕೃತಿ? ಮಾರುತ್ತೀರಾ?” ಎಂದು ಕೇಳಿದರಂತೆ. ಅಣ್ಣ ಮಾರಲಿಲ್ಲ. ಆದರೆ ಅಂದಿನಿಂದ ಪ್ರತಿ ವಸ್ತುವಿನ ಕೆಳಗೂ ಒಂದು ಫಲಕ ಇರಲೇಬೇಕೆಂದು ಹಟ ಹಿಡಿದು, ಬರೆಯುವ ಕೆಲಸವನ್ನು ನನಗೆ ಒಪ್ಪಿಸಿದ್ದಾನೆ. ನಾನು ಮೊದಲನೆಯ ಫಲಕದಲ್ಲೇ ಸಿಕ್ಕಿಬಿದ್ದಿದ್ದೇನೆ.

ಹಲಸಿನ ಮರದ ಆ ಒರಳಿನಲ್ಲಿ ಹಬ್ಬಹಬ್ಬಕ್ಕೆ ಶಾವಿಗೆ ಒತ್ತುತ್ತಿದ್ದರು. ಬೇಯಿಸಿದ ಅಕ್ಕಿಹಿಟ್ಟಿನ ಉಂಡೆಯನ್ನು ತೂತು ತಳದ ಹಿತ್ತಾಳೆ ಬಟ್ಟಲಿಗೆ ಇಳಿಸಿ, ಅದರ ಮೇಲೆ ಗೂಟವಿಟ್ಟು, ಉದ್ದನೆಯ ಸನ್ನೆಮರವನ್ನು ಅದುಮಬೇಕು. ದೊಡ್ಡವರ ತೋಳು ಸೋತಾಗ ಮಕ್ಕಳನ್ನು ಸನ್ನೆಯ ತುದಿಗೆ ಕೂರಿಸುತ್ತಿದ್ದರು. ನನ್ನ ಪಾಲಿಗೆ ಆ ವಸ್ತುವೆಂದರೆ ಕೆಳಗಿಳಿಯುತ್ತಿದ್ದ ಬಿಸಿ ಎಳೆಗಳು, ಕಾಯಿಹಾಲು, ಮತ್ತು ಒಮ್ಮೆ ಚುಚ್ಚಿಸಿಕೊಂಡ ಸಿಬಿರು. ಸನ್ನೆಮರವೂ ಗೂಟವೂ ಗೋಡೆಯ ಮೇಲೆ ಹಿಡಿಸುವುದಿಲ್ಲವೆಂದು ಅಟ್ಟದಲ್ಲೇ ಉಳಿದಿವೆ; ಜಗಲಿಯಲ್ಲಿರುವುದು ಒರಳಿನ ಒಡಲು ಮಾತ್ರ.

ನನ್ನ ಪ್ರಶ್ನೆ ಇಷ್ಟೇ. ಈ ಒರಳು ಕಲಾಕೃತಿಯಾದದ್ದು ಯಾವಾಗ? ಅಡುಗೆಮನೆಯಿಂದ ಅಟ್ಟಕ್ಕೆ ಹೋದಾಗಲೋ, ಅಟ್ಟದಿಂದ ಜಗಲಿಗೆ ಬಂದಾಗಲೋ, ದೀಪ ಹಾಕಿಸಿಕೊಂಡಾಗಲೋ, ಅತಿಥಿ ಬೆಲೆ ಕೇಳಿದಾಗಲೋ? ಅಥವಾ ಆಚಾರಿ ಅದನ್ನು ಕಡೆದು ಮುಗಿಸಿದ ದಿನವೇ ಅದು ಕಲಾಕೃತಿಯಾಗಿತ್ತೋ?

ಕುಂಚ, ಹಾಸನ

ಹಳೆಮನೆಯವರೇ, ನಾನು ಚಿತ್ರಕಲೆಯ ವಿದ್ಯಾರ್ಥಿನಿ. ನಿಮ್ಮ ಪ್ರಶ್ನೆ 1917ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನಲ್ಲಿ ಬಹಳ ದೊಡ್ಡದಾಗಿ ಎದ್ದಿತ್ತು. ಸ್ವತಂತ್ರ ಕಲಾವಿದರ ಸಂಘವೊಂದು, ಶುಲ್ಕ ಕಟ್ಟಿದ ಯಾರ ಕೃತಿಯನ್ನಾದರೂ ಆಯ್ಕೆಯ ಗೊಡವೆಯಿಲ್ಲದೆ ಪ್ರದರ್ಶಿಸುವುದಾಗಿ ಸಾರಿತ್ತು. ಮಾರ್ಸೆಲ್ ದ್ಯೂಶಾಂ ಎಂಬ ಫ್ರೆಂಚ್ ಕಲಾವಿದ ಕೊಳಾಯಿ ಸಾಮಾನಿನ ಮಳಿಗೆಯಿಂದ ಪಿಂಗಾಣಿಯ ಮೂತ್ರದ ಬೋಗುಣಿಯೊಂದನ್ನು ತಂದು, ಬೆನ್ನ ಮೇಲೆ ಮಲಗಿಸಿ, ‘ಆರ್. ಮಟ್, 1917’ ಎಂಬ ಸುಳ್ಳು ಸಹಿ ಹಾಕಿ, ‘ಕಾರಂಜಿ’ ಎಂಬ ಹೆಸರಿಟ್ಟು ಕಳುಹಿಸಿದ. ಆತ ಅದೇ ಸಂಘದ ಆಡಳಿತ ಮಂಡಳಿಯ ಸದಸ್ಯನೂ ಆಗಿದ್ದ. ಸಂಘ ತನ್ನ ಮಾತನ್ನೇ ಮುರಿದು ಅದನ್ನು ಪ್ರದರ್ಶಿಸದೆ ಬಿಟ್ಟಿತು. ದ್ಯೂಶಾಂ ರಾಜೀನಾಮೆ ಕೊಟ್ಟ. ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಛಾಯಾಗ್ರಾಹಕ ಅದರ ಚಿತ್ರ ತೆಗೆದ. ಆಮೇಲೆ ಮೂಲ ವಸ್ತು ಕಳೆದೇಹೋಯಿತು. ಇಂದು ವಸ್ತುಸಂಗ್ರಹಾಲಯಗಳಲ್ಲಿ ಜನ ಸಾಲುಗಟ್ಟಿ ನೋಡುವುದು ಬಹುಪಾಲು 1964ರಲ್ಲಿ ಕಲಾವಿದನ ಒಪ್ಪಿಗೆ ಪಡೆದು ಮಾಡಿಸಿದ ಪ್ರತಿಗಳನ್ನು.

ಅದೇ 1964ರಲ್ಲಿ ಆಂಡಿ ವಾರ್ಹಾಲ್ ಪಾತ್ರೆ ಉಜ್ಜುವ ಬ್ರಿಲ್ಲೋ ಪ್ಯಾಡುಗಳ ರಟ್ಟಿನ ಪೆಟ್ಟಿಗೆಗಳಂತೆಯೇ ಕಾಣುವ ಪ್ಲೈವುಡ್ ಪೆಟ್ಟಿಗೆಗಳನ್ನು ಗ್ಯಾಲರಿಯಲ್ಲಿ ಪೇರಿಸಿಟ್ಟ. ಅದನ್ನು ಕಂಡ ತತ್ತ್ವಶಾಸ್ತ್ರಜ್ಞ ಆರ್ಥರ್ ಡಾಂಟೊ, ಗೋದಾಮಿನ ಪೆಟ್ಟಿಗೆಗೂ ಗ್ಯಾಲರಿಯ ಪೆಟ್ಟಿಗೆಗೂ ಇರುವ ಅಂತರ ಕಣ್ಣಿಗೆ ಕಾಣುವಂಥದ್ದಲ್ಲ, ಕಲೆಯ ಇತಿಹಾಸವೂ ಅದರ ಸುತ್ತಲಿನ ಚಿಂತನೆಯೂ ಸೇರಿ ಕಟ್ಟಿದ ‘ಕಲಾಲೋಕ’ವೊಂದು ಆ ಅಂತರವನ್ನು ಉಂಟುಮಾಡುತ್ತದೆ ಎಂದು ವಾದಿಸಿದರು. ಆ ಲೆಕ್ಕದಲ್ಲಿ ನಿಮ್ಮ ಒರಳು ಕಲಾಕೃತಿಯಾದದ್ದು ಅತಿಥಿ ಅದರ ಮುಂದೆ ನಿಂತ ಗಳಿಗೆಯಲ್ಲಿ; ಅವರು ಆ ಲೋಕವನ್ನು ತಮ್ಮ ಜೊತೆಗೆ ಹೊತ್ತುಕೊಂಡೇ ಬಂದಿದ್ದರು.

ಮಳೆಗಾಲ, ಮೂಡಿಗೆರೆ

ತಂಗಿ, ಆ ಲೋಕ ಹೊತ್ತುಕೊಂಡು ಬಂದವರು ಪ್ರತಿ ಶನಿವಾರ ನಮ್ಮ ಊರಿಗೂ ಬರುತ್ತಾರೆ. ನಮ್ಮ ಮನೆಯಲ್ಲಿ ಕಾಫಿ ಗಿಡದ ಬೊಡ್ಡೆಯ ಮೇಲೆ ಗಾಜು ಕೂರಿಸಿದ ಟೀಪಾಯಿ ಇದೆ. ಹಳೆಯ ಗಿಡಗಳನ್ನು ಕಿತ್ತ ವರ್ಷ ಒಲೆಗೆ ಹೋಗದೆ ಉಳಿದ ಬೊಡ್ಡೆ ಅದು. ಬಂದವರೆಲ್ಲ ಅದನ್ನು ಶಿಲ್ಪವೆನ್ನುತ್ತಾರೆ. ಕಾಫಿ ಲೋಟ ಇಡಲು ಹಿಂಜರಿಯುತ್ತಾರೆ. ಮಡಕೆ, ಮೊರ, ಕೊಳಗ, ಬೀದಿಯ ಕಲ್ಲು ಎಲ್ಲವನ್ನೂ ದೈವವೆನ್ನುತ್ತ ಹೋದರೆ ಕಾಲಿಡಲು ಜಾಗವೇ ಉಳಿಯದು ಎಂದು ಬಸವಣ್ಣನವರು ಛೇಡಿಸಿದ್ದು ನೆನಪಾಗುತ್ತದೆ. ದೈವದ ಜಾಗಕ್ಕೆ ಕಲೆ ಬಂದಿದೆ, ಅಷ್ಟೇ.

ಮೇಷ್ಟ್ರು, ಹಗರೆ

ಮೂಡಿಗೆರೆಯ ತಾಯಿಯವರ ಮಾತಿಗೆ ನಕ್ಕೆನಾದರೂ, ದೈವದ ಪ್ರಸ್ತಾಪವನ್ನು ಅಷ್ಟಕ್ಕೇ ಬಿಡಲು ಮನಸ್ಸಾಗುತ್ತಿಲ್ಲ. ವಸ್ತುವನ್ನು ಬಳಕೆಯಿಂದ ಎತ್ತಿ ಎದುರಿಗಿಟ್ಟು ನೋಡುವ ಕ್ರಮವನ್ನು ನಾವು ನ್ಯೂಯಾರ್ಕಿನಿಂದ ಕಲಿಯಬೇಕಾಗಿಲ್ಲ. ಆಯುಧಪೂಜೆಯ ದಿನ ನೇಗಿಲು, ಕತ್ತಿ, ತಕ್ಕಡಿ, ಹೊಲಿಗೆ ಯಂತ್ರಗಳನ್ನು ತೊಳೆದು, ಕುಂಕುಮವಿಟ್ಟು, ಅಂದು ಅವುಗಳಿಂದ ಕೆಲಸ ತೆಗೆಯದೆ ಸಾಲಾಗಿ ಇಡುತ್ತೇವೆ. ಗೌರಿ ಹಬ್ಬದಲ್ಲಿ ಮೊರವೇ ಬಾಗಿನವಾಗುತ್ತದೆ. ಕಣದಲ್ಲಿ ರಾಶಿಯ ಜೊತೆಗೆ ಕೊಳಗಕ್ಕೂ ಪೂಜೆ ಸಲ್ಲುತ್ತದೆ. ಆದರೆ ಮರುದಿನ ನೇಗಿಲು ಹೊಲಕ್ಕೆ ಹೋಗುತ್ತದೆ, ಮೊರ ಅಕ್ಕಿ ಕೇರುತ್ತದೆ. ಗ್ಯಾಲರಿಗೆ ಹೋದ ವಸ್ತುವಿಗೆ ಆ ಮರುದಿನವೆಂಬುದೇ ಇಲ್ಲ.

ಕುಂಚ ಅವರು ಹೇಳಿದ ದ್ಯೂಶಾಂ ವಿಷಯದಲ್ಲಿ ಒಂದು ಎಚ್ಚರ ಬೇಕು. ತಾನು ಆರಿಸಿದ ಸಿದ್ಧವಸ್ತುಗಳು ಕಣ್ಣಿಗೆ ಚೆಂದವೂ ಅಲ್ಲದ, ಕುರೂಪವೂ ಅಲ್ಲದ, ಯಾವ ಅಭಿರುಚಿಗೂ ಸಿಗದ ವಸ್ತುಗಳು ಎಂದು ಆತನೇ ಮುಂದೆ ವಿವರಿಸಿದ್ದುಂಟು. ಅಜ್ಜಿಯ ಒರಳು ಹಾಗಲ್ಲ. ಅತಿಥಿ ಅದರ ಮುಂದೆ ನಿಂತದ್ದು ಆಕಾರ ಕಣ್ಣು ಸೆಳೆದದ್ದರಿಂದ. ಆ ಆಕಾರವನ್ನು ಕೊಟ್ಟದ್ದು ಸನ್ನೆಯ ಭಾರ, ಹಿಟ್ಟಿನ ಬಿಗಿ, ಹಲಸಿನ ಮರದ ನಾರು. ಬಳಕೆಯನ್ನು ಅಳಿಸಿ ಹಾಕಿದರೆ ಚೆಂದದ ಕಾರಣವೂ ಅಳಿಯುತ್ತದೆ. ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿ ದೀರ್ಘಕಾಲ ಕೆಲಸ ಮಾಡಿದ ಆನಂದ ಕುಮಾರಸ್ವಾಮಿಯವರು, ಲಲಿತಕಲೆ ಬೇರೆ, ಉಪಯೋಗದ ಕಸುಬು ಬೇರೆ ಎಂಬ ವಿಂಗಡಣೆಯೇ ಇತ್ತೀಚಿನದು, ಹಳೆಯ ಸಮಾಜಗಳಲ್ಲಿ ಅದಕ್ಕೆ ಅರ್ಥವೇ ಇರಲಿಲ್ಲ ಎಂದು ಜೀವಮಾನವಿಡೀ ವಾದಿಸಿದರು.

ಹಾಗೆಂದು ನಮ್ಮ ಹಿಂದಿನವರು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರು ಎಂದೇನೂ ನಾನು ಹೇಳಲಾರೆ. ಬೇಲೂರಿನ ಕಲ್ಲನ್ನು ನಾವು ಬಳಪದ ಕಲ್ಲು ಎನ್ನುತ್ತೇವೆ. ಶಾಲೆಯ ಮಕ್ಕಳ ಸ್ಲೇಟಿಗೆ ಬಳಪವಾದದ್ದು ಆ ಬಗೆಯ ಕಲ್ಲೇ, ಹುಳಿ, ಉಪ್ಪಿನಕಾಯಿ ಇಡುವ ಮರಿಗೆಯಾದದ್ದೂ ಅದೇ, 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಮದನಿಕೆಯಾದದ್ದೂ ಅದೇ. ಮದನಿಕೆಯರನ್ನು ಕಡೆದ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು ತಮ್ಮ ಹೆಸರನ್ನು ಬಿರುದುಗಳ ಸಮೇತ ಕಲ್ಲಿನಲ್ಲೇ ಬರೆದುಕೊಂಡರು. ನಮ್ಮ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ, 1246ರ ಲಕ್ಷ್ಮೀನರಸಿಂಹ ದೇವಾಲಯದಲ್ಲಿ, ಬೈಚೋಜ, ಮಲ್ಲಿತಮ್ಮರ ಹೆಸರುಗಳನ್ನು ಈಗಲೂ ಓದಬಹುದು. ಮರಿಗೆ ಕೊರೆದವರು ಹೆಸರು ಬರೆಯಲಿಲ್ಲ. ಬರೆಯಲು ಬಾರದೆಂದಲ್ಲ, ಬರೆಯಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹಾಗಾಗಿ ಯಾವ ಗಳಿಗೆಯಲ್ಲಿ ಎಂದು ಕೇಳುವುದಕ್ಕಿಂತ, ವಸ್ತುವಿನ ಮೇಲೆ ಯಾರ ಹೆಸರು ಬಂತು ಎಂದು ಕೇಳುವುದು ಹೆಚ್ಚು ಪ್ರಯೋಜನಕರವೆಂದು ನನಗೆ ತೋರುತ್ತದೆ.

ಇನ್ನೊಂದು ಮಾತು. ಪಯಣ ಯಾವಾಗಲೂ ಅಡುಗೆಮನೆಯಿಂದ ಗ್ಯಾಲರಿಯ ಕಡೆಗೇ ಸಾಗುತ್ತದೆ ಎಂದೂ ತಿಳಿಯಬಾರದು. ಸತ್ತ ವೀರನಿಗಾಗಿ ನಿಲ್ಲಿಸಿದ ವೀರಗಲ್ಲು ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಕೆರೆಯ ದಂಡೆಯ ಒಗೆಯುವ ಕಲ್ಲಾಯಿತು, ಮೋರಿಯ ಹಾಸುಗಲ್ಲಾಯಿತು. ಮುಂದೆ ಯಾರೋ ಅದನ್ನು ಮಗುಚಿ ನೋಡಿದಾಗ ಶಿಲ್ಪವಾಯಿತು.

ಪಾತ್ರೆ ಅಂಗಡಿ, ಹಾಸನ

ಮೇಷ್ಟ್ರು ‘ಮಗುಚಿ ನೋಡಿದಾಗ’ ಎಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಮೂರು ತಲೆಮಾರಿನ ವ್ಯಾಪಾರ. ಹಳೆಯ ಹಂಡೆ, ಕೊಳದಪ್ಪಲೆ, ಚೊಂಬುಗಳನ್ನು ತೂಕಕ್ಕೆ ಹಾಕಿ ಸ್ಟೀಲು ಒಯ್ದವರನ್ನು ನಮ್ಮ ತಂದೆ ದಿನವೂ ಕಂಡವರು. ಈಗ ಅವರ ಮೊಮ್ಮಕ್ಕಳು ಬಂದು ಅಂಥದ್ದೇ ಹಂಡೆ ಸಿಗುತ್ತದೆಯೇ ಎಂದು ಕೇಳುತ್ತಾರೆ, ನೀರು ಕಾಯಿಸುವುದಕ್ಕಲ್ಲ, ಒಳಗೆ ಗಿಡ ಇಡುವುದಕ್ಕೆ. ತೂಕದ ಬೆಲೆ ಹೋಗಿ ನೋಟದ ಬೆಲೆ ಬಂತು ಎನ್ನಬಹುದು.

ಹೆಸರಿನ ವಿಷಯ ಹೇಳುವುದಾದರೆ, ನಮ್ಮ ಕಡೆಯ ಪಾತ್ರೆಗಳಿಗೆ ಹೆಸರಿಲ್ಲ ಎಂಬುದು ಪೂರ್ತಿ ನಿಜವಲ್ಲ. ಮದುವೆಗೆ, ಗೃಹಪ್ರವೇಶಕ್ಕೆ ಕೊಡುವ ಪಾತ್ರೆಯ ಮೇಲೆ ಚುಕ್ಕಿಚುಕ್ಕಿಯಾಗಿ ಹೆಸರು ಕೊರೆಸುತ್ತಾರೆ. ಕೊಟ್ಟವರ ಹೆಸರು, ಇಲ್ಲವೇ ಪಡೆದವರ ಹೆಸರು, ಮಾಡಿದವರ ಹೆಸರಲ್ಲ. ಹಳೆಮನೆಯವರೇ, ನಿಮ್ಮ ಒರಳಿನ ಹಿತ್ತಾಳೆ ಬಟ್ಟಲನ್ನು ಈಚೆಗೆ ತೆಗೆದು, ಕಂಠದ ಹೊರಮೈಯನ್ನು ಒಮ್ಮೆ ನೋಡಿ.

ಬಿದಿರು, ಅರಸೀಕೆರೆ

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ತಂದೆ ಮೊರ, ಬುಟ್ಟಿ, ಕುಕ್ಕೆ ಹೆಣೆಯುವವರು. ಇಲ್ಲಿ ಎಲ್ಲರೂ ಮಾಡಿದವರು ಸತ್ತುಹೋದವರೆಂಬಂತೆ ಮಾತನಾಡುತ್ತಿರುವುದರಿಂದ ಒಂದು ಪ್ರಸಂಗ ಹೇಳುತ್ತೇನೆ. ಎರಡು ವರ್ಷಗಳ ಹಿಂದೆ ರೆಸಾರ್ಟ್ ಒಂದರವರು ಬಂದು 12 ಮೊರ ಬೇಕೆಂದರು, ಗೋಡೆಗೆ ನೇತುಹಾಕಲು. ಒಯ್ದವರು ನಾಲ್ಕು ದಿನ ಬಿಟ್ಟು, ತೀರಾ ಹೊಸದಾಗಿ ಕಾಣುತ್ತವೆ ಎಂದು ವಾಪಸು ತಂದರು. ಹೊಗೆ ಹಿಡಿಸಿ ಹಳೆಯದು ಮಾಡಿಕೊಡಬೇಕಂತೆ. ತಂದೆ ಹೊಗೆ ಹಿಡಿಸಿಕೊಟ್ಟರು. ಒಂದು ಮೊರಕ್ಕೆ ಕೊಟ್ಟದ್ದು 180 ರೂಪಾಯಿ. ಅದರ ಮೇಲೆ ಬಿಡುವ ದೀಪಕ್ಕೆ ಅದರ ಮೂರು ಪಟ್ಟು ಆಗಿತ್ತೆಂದು ತಂದ ಹುಡುಗನೇ ಹೇಳಿದ.

ನನ್ನ ತಲೆಯಲ್ಲಿ ಉಳಿದದ್ದು ದುಡ್ಡಿನ ಮಾತಲ್ಲ. ಮೊರದ ಅಂಚು ಕಟ್ಟುವಾಗ ತಂದೆ ಕೈ ನಿಲ್ಲಿಸಿ, “ಇದರಲ್ಲಿ ಯಾರೂ ಏನೂ ಕೇರುವುದಿಲ್ಲವಲ್ಲ, ಅಂಚನ್ನು ಬಿಗಿ ಕಟ್ಟಲೋ ಬೇಡವೋ?” ಎಂದು ನನ್ನನ್ನು ಕೇಳಿದರು. ಮೊರದಲ್ಲಿ ಅತಿ ಕಷ್ಟದ ಕೆಲಸ ಅಂಚಿನದು. ಸಡಿಲವಾದರೆ ಕೇರುವಾಗ ಕಾಳು ಜಾರಿ ಸಂದಿಗೆ ಸೇರುತ್ತದೆ. ನೋಡುವವರ ಕಣ್ಣಿಗೆ ಬಿಗಿಯೂ ಒಂದೇ, ಸಡಿಲವೂ ಒಂದೇ. ನನಗೆ ಉತ್ತರ ತೋಚಲಿಲ್ಲ. ಅವರು ಬಿಗಿಯಾಗಿಯೇ ಕಟ್ಟಿದರು.

ಕುಂಚ, ಹಾಸನ

ಬಿದಿರು ಅವರೇ, ನಿಮ್ಮ ತಂದೆಯವರ ಪ್ರಶ್ನೆಯನ್ನು ನಮ್ಮ ತರಗತಿಯಲ್ಲಿ ಯಾರೂ ಕೇಳಿದ್ದಿಲ್ಲ. ಮೇಷ್ಟ್ರು ಹೇಳಿದ ಹೆಸರಿನ ವಿಚಾರವನ್ನು ಹಿಡಿದು ಹಳೆಯ ಟಿಪ್ಪಣಿಗಳನ್ನು ಮತ್ತೆ ತಿರುವಿದೆ. ವಾರ್ಹಾಲ್ ನಕಲು ಮಾಡಿದ ಆ ಬ್ರಿಲ್ಲೋ ಪೆಟ್ಟಿಗೆಯ ಕೆಂಪು, ನೀಲಿ ವಿನ್ಯಾಸವನ್ನು ಮೂಲದಲ್ಲಿ ರಚಿಸಿದವನು ಜೇಮ್ಸ್ ಹಾರ್ವಿ. ಅವನೂ ಚಿತ್ರಕಾರನೇ, ಹೊಟ್ಟೆಪಾಡಿಗಾಗಿ ಪೊಟ್ಟಣಗಳ ವಿನ್ಯಾಸ ಮಾಡುತ್ತಿದ್ದ. ಪೆಟ್ಟಿಗೆ ಕಲಾಕೃತಿಯಾದಾಗ ಅದರ ಮೇಲೆ ಕುಳಿತದ್ದು ಎತ್ತಿಟ್ಟವನ ಹೆಸರು, ಬಿಡಿಸಿದವನದಲ್ಲ.

ಇದಕ್ಕೆ ತಿರುವುಮುರುವಾದ ಕಥೆಯೂ ಇದೆ. 1926ರಲ್ಲಿ ಬ್ರಾಂಕುಸಿಯ ‘ಆಕಾಶದಲ್ಲಿ ಹಕ್ಕಿ’ ಎಂಬ ನೀಳವಾದ ಕಂಚಿನ ಶಿಲ್ಪ ನ್ಯೂಯಾರ್ಕಿಗೆ ಬಂದಿಳಿದಾಗ, ಸುಂಕದ ಅಧಿಕಾರಿಗಳಿಗೆ ಅದರಲ್ಲಿ ಹಕ್ಕಿ ಕಾಣಲಿಲ್ಲ. ಕಲಾಕೃತಿಗಳಿಗೆ ಸುಂಕವಿರಲಿಲ್ಲ, ಅವರು ಅದನ್ನು ಅಡುಗೆ ಸಲಕರಣೆ ಮತ್ತು ಆಸ್ಪತ್ರೆ ಸಾಮಾನುಗಳ ಪಟ್ಟಿಗೆ ಸೇರಿಸಿ ಶೇ. 40 ಸುಂಕ ವಿಧಿಸಿದರು. ಮೊಕದ್ದಮೆ ನಡೆದು, 1928ರಲ್ಲಿ ನ್ಯಾಯಾಲಯ ಅದು ಕಲಾಕೃತಿಯೇ ಹೌದೆಂದು ತೀರ್ಪು ಕೊಟ್ಟಿತು. ವೃತ್ತಿಪರ ಶಿಲ್ಪಿ ರಚಿಸಿದ್ದು, ನೋಡಲು ಸುಂದರ, ಅಲಂಕಾರವಲ್ಲದೆ ಬೇರೆ ಉಪಯೋಗವಿಲ್ಲ ಎಂಬುದು ತೀರ್ಪಿನ ಜಾಡು. ಈ ಅಳತೆಗೋಲಿನಲ್ಲಿ ನಿಮ್ಮ ಒರಳು ಶಾವಿಗೆ ಒತ್ತುವವರೆಗೆ ಕಲಾಕೃತಿಯಾಗಲಾರದು. ಒತ್ತುವುದನ್ನು ನಿಲ್ಲಿಸಿದರೂ ಆಚಾರಿ ‘ವೃತ್ತಿಪರ ಶಿಲ್ಪಿ’ ಅಲ್ಲವೆಂದು ತಕರಾರು ಬರುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಜಪಾನಿನ ಒಂದು ಬಟ್ಟಲು. 16ನೆಯ ಶತಮಾನದಲ್ಲಿ ಕೊರಿಯಾದಲ್ಲಿ ಸಾಮಾನ್ಯ ಜನರ ಬಳಕೆಗಾಗಿ ಮಾಡಿದ ಒರಟು ಮಣ್ಣಿನ ಬಟ್ಟಲದು. ಜಪಾನಿನ ಚಹಾ ಗುರುಗಳು ಅದರ ಒರಟುತನವನ್ನೇ ಮೆಚ್ಚಿದರು. ಇಂದು ಅದು ಆ ದೇಶದ ರಾಷ್ಟ್ರೀಯ ನಿಧಿಗಳಲ್ಲೊಂದಾಗಿ ಕ್ಯೋಟೋದ ದೇವಾಲಯವೊಂದರಲ್ಲಿದೆ. ಅದನ್ನು ಕರೆಯುವುದು ಕಿಜಾಯೆಮೊನ್ ಎಂದು, ಒಂದು ಕಾಲದಲ್ಲಿ ಅದನ್ನು ಇಟ್ಟುಕೊಂಡಿದ್ದ ವ್ಯಾಪಾರಿಯ ಹೆಸರಿನಿಂದ. ಜನಸಾಮಾನ್ಯರ ವಸ್ತುಗಳಿಗಾಗಿ 1936ರಲ್ಲಿ ಟೋಕಿಯೊದಲ್ಲಿ ಸಂಗ್ರಹಾಲಯ ತೆರೆದ ಯಾನಾಗಿ ಸೊಎತ್ಸು, ಆ ಬಟ್ಟಲನ್ನು ಕೈಯಲ್ಲಿ ಹಿಡಿದು ನೋಡಿ, ಇದು ಇಷ್ಟು ಚೆನ್ನಾಗಿರುವುದು ಮಾಡಿದವನು ಚೆಂದ ಮಾಡಲು ಹೊರಡದೆ ಇದ್ದುದರಿಂದಲೇ ಎಂಬ ನಿಲುವಿಗೆ ಬಂದರು. ಹಾಗಿದ್ದರೂ ಮಾಡಿದವನ ಹೆಸರು ಬೇಡವೇ ಎಂಬ ನನ್ನ ತಕರಾರು ಹಾಗೆಯೇ ಉಳಿಯುತ್ತದೆ.

ಮಳೆಗಾಲ, ಮೂಡಿಗೆರೆ

ಒಬ್ಬನೇ ಮಾಡಿದ್ದರೆ ತಾನೇ ಹೆಸರು? ಚೊಂಬನ್ನು ಮಾಡಿದವರು ಯಾರು?

ಮೇಷ್ಟ್ರು, ಹಗರೆ

ಅದೇ ಪ್ರಶ್ನೆಯನ್ನು ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಲ್ಲಿ ಎತ್ತಿದ್ದರು. ನಮ್ಮ ದೇಶದಲ್ಲಿ ಕಂಡ ವಸ್ತುಗಳಲ್ಲಿ ಅವರು ಅತಿಯಾಗಿ ಮೆಚ್ಚಿದ್ದು ಲೋಟಾವನ್ನು, ಅಂದರೆ ನಮ್ಮ ಚೊಂಬನ್ನು. ಎಷ್ಟು ನೀರು ಹಿಡಿಯಬೇಕು, ಸೊಂಟದ ಮೇಲೆ ಹೇಗೆ ಕೂರಬೇಕು, ತುಂಬಿದಾಗ ಭಾರ ಎಲ್ಲಿ ನಿಲ್ಲಬೇಕು, ಸುರಿದಾಗ ಧಾರೆ ಹೇಗೆ ಬೀಳಬೇಕು ಎಂದು ಪಟ್ಟಿ ಮಾಡುತ್ತ ಹೋಗಿ, ಇದನ್ನು ಒಬ್ಬ ಮನುಷ್ಯ ರೂಪಿಸಿರಲು ಸಾಧ್ಯವಿಲ್ಲ, ತಲೆಮಾರುಗಳು ರೂಪಿಸಿದ್ದು ಎಂದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿದ್ದು ಆ ವರದಿಯ ಬೆನ್ನಿಗೇ.

ಆದರೆ ಚೊಂಬೆಂಬ ಆಕಾರ ಬೇರೆ, ಇಂಥ ಮನೆಯ ಇಂಥ ಚೊಂಬು ಬೇರೆ. ಆಕಾರಕ್ಕೆ ಒಡೆಯರಿಲ್ಲ, ಒಂದೊಂದು ವಸ್ತುವನ್ನೂ ಯಾರೋ ಒಬ್ಬರು ಕೂತು ಮಾಡಿದ್ದಾರೆ. ಮೈಸೂರಿನ ಜಯಲಕ್ಷ್ಮಿ ವಿಲಾಸದ ಜಾನಪದ ಸಂಗ್ರಹಾಲಯಕ್ಕೋ, ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕಕ್ಕೋ ಹೋದರೆ, ಗೊಂಬೆ, ವೇಷಗಳ ಜೊತೆಗೆ ಮನೆ, ಹೊಲಗಳ ಸಲಕರಣೆಗಳನ್ನೂ ನೋಡುತ್ತೀರಿ. ಅಲ್ಲಿ ಅವು ಬಾಳಿನ ಸಾಕ್ಷಿಗಳಾಗಿ ನಿಂತಿವೆ. ಕಲಾಕೃತಿ ಎಂಬ ಪಟ್ಟ ಕಟ್ಟಿಕೊಳ್ಳದೆಯೂ ಅವುಗಳಿಗೆ ಗೌರವವಿದೆ. ನಿಮ್ಮ ಅಣ್ಣನ ಜಗಲಿಗೂ ಆ ದಾರಿ ಮುಚ್ಚಿಲ್ಲ. ಅಂದಹಾಗೆ, ಮಾರುವ ಮನಸ್ಸು ಮುಂದೆ ಬಂದರೆ ಅವರಿಗೆ 1972ರ ಪ್ರಾಚ್ಯವಸ್ತು ಕಾಯ್ದೆಯನ್ನು ನೆನಪಿಸಿ. ನೂರು ವರ್ಷ ದಾಟಿದ, ಹಿಂದಿನ ಕಾಲದ ಕಲೆ, ಕಸುಬು, ಆಚಾರಗಳನ್ನು ತೋರಿಸುವ ವಸ್ತು ಅದರ ವ್ಯಾಪ್ತಿಗೆ ಬರಬಹುದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ.

ಹಳೆಮನೆ, ಆಲ್ದೂರು

ಪಾತ್ರೆ ಅಂಗಡಿಯವರಿಗೆ ನಾನು ಋಣಿ. ನಿನ್ನೆ ಒರಳನ್ನು ಹಲಗೆಯಿಂದ ಇಳಿಸಿ, ಬಟ್ಟಲನ್ನು ಮೆಲ್ಲಗೆ ತಟ್ಟಿ ಈಚೆಗೆ ತೆಗೆದೆವು. ಕಂಠದ ಹೊರಗೆ, ಮರದೊಳಗೆ ಅಡಗಿದ್ದ ಭಾಗದಲ್ಲಿ, ಚುಕ್ಕಿ ಅಕ್ಷರಗಳಲ್ಲಿ ಒಂದು ಹೆಣ್ಣು ಹೆಸರು ಮತ್ತು 1938 ಎಂಬ ಇಸವಿ. ಅದು ಅಜ್ಜಿಯ ತಾಯಿಯ ಹೆಸರೆಂದು ದೊಡ್ಡಮ್ಮ ಗುರುತಿಸಿದರು. ಅಜ್ಜಿಯ ಮದುವೆಯಲ್ಲಿ ತವರಿನಿಂದ ಬಂದ ಬಳುವಳಿಯಂತೆ. ಅಂದರೆ ನಮ್ಮ ಒರಳಿಗೂ ಒಂದು ಸಹಿ ಇದೆ. ಮೇಷ್ಟ್ರ ಲೆಕ್ಕಕ್ಕೆ ಅದಿನ್ನೂ ನೂರು ತುಂಬಿದ್ದಲ್ಲ.

ನನ್ನ ಮೂಲ ಪ್ರಶ್ನೆಗೂ ಒಂದು ಉತ್ತರ ಸಿಕ್ಕಿದೆ ಎಂದುಕೊಂಡಿದ್ದೇನೆ, ಅದು ಅಷ್ಟೇನೂ ಉದಾತ್ತವಲ್ಲ. ಒರಳು ಕಲಾಕೃತಿಯಾದದ್ದು ಅಣ್ಣ ಅದಕ್ಕೆ ವಾರ್ನಿಷ್ ಹೊಡೆಸಿದ ದಿನ. ಅಟ್ಟದಲ್ಲಿದ್ದಷ್ಟು ಕಾಲ ಅದು ಬಳಸದೆ ಇಟ್ಟ ವಸ್ತುವಾಗಿತ್ತು, ಯಾವ ಹಬ್ಬಕ್ಕೆ ಬೇಕಾದರೂ ಕೆಳಗಿಳಿಯಬಹುದಿತ್ತು. ವಾರ್ನಿಷ್ ಬಿದ್ದ ಮೇಲೆ ಬಳಸಬಾರದ ವಸ್ತುವಾಯಿತು. ದೀಪ, ಹಲಗೆ, ಅತಿಥಿಯ ಪ್ರಶ್ನೆ ಎಲ್ಲ ಅದರ ನಂತರದವು. ಕೊಳಗ, ಸೇರುಗಳದ್ದೂ ಇದೇ ಗತಿ.

ಫಲಕವನ್ನು ಹೀಗೆ ಬರೆದಿದ್ದೇನೆ: “ಶಾವಿಗೆ ಒರಳು. ಹಲಸು, ಹಿತ್ತಾಳೆ. 1938. ಈ ಮನೆಗೆ ಸೊಸೆಯಾಗಿ ಬಂದ ಮಗಳಿಗೆ ತಾಯಿ ಕೊಟ್ಟದ್ದು. ಸನ್ನೆಮರ ಅಟ್ಟದಲ್ಲಿದೆ. ಮಾಡಿದವರು ಅಜ್ಞಾತ.” ತಿದ್ದುಪಡಿ ಇದ್ದರೆ ತಿಳಿಸಿ.

ಬಿದಿರು, ಅರಸೀಕೆರೆ

ಕೊನೆಯ ಎರಡು ಪದಗಳನ್ನು ಈಗಲೇ ಕೆತ್ತಿಸಬೇಡಿ. ಅಜ್ಞಾತ ಎಂದರೆ ಹುಡುಕಿದರೂ ಸಿಗಲಿಲ್ಲ ಎಂದು ಅರ್ಥ. ನೀವಿನ್ನೂ ಹುಡುಕಿಲ್ಲ. ಅಜ್ಜಿಯ ತವರು ಊರಿನಲ್ಲಿ ಆಚಾರಿಗಳ ಮನೆ ಇದ್ದೇ ಇರುತ್ತದೆ.

ಹಳೆಮನೆ, ಆಲ್ದೂರು

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬಿದಿರು ಅವರ ಮಾತು ಕೇಳಿ ಅಜ್ಜಿಯ ತವರಿಗೆ ಹೋಗಿದ್ದೆ. ಆ ಕಾಲದಲ್ಲಿ ಊರಿಗೆ ಒಂದೇ ಆಚಾರಿ ಮನೆಯಿತ್ತಂತೆ. ಆ ಮನೆಯ ಮೊಮ್ಮಗ ಈಗ ಚಿಕ್ಕಮಗಳೂರಿನಲ್ಲಿ ಕಿಟಕಿ, ಬಾಗಿಲು ಮಾಡುತ್ತಾರೆ. ಕರೆದೊಡನೆ ಬಂದರು. ತಮ್ಮ ತಾತನ ಕೆಲಸವೆಂದು ಅವರು ಆಣೆ ಇಟ್ಟು ಹೇಳಲಿಲ್ಲ. ಕಾಲುಗಳನ್ನು ಕೂರಿಸಿದ ಬಗೆ ತಮ್ಮ ಮನೆಯದೇ ಎಂದರು. ಫಲಕದಲ್ಲಿ ಅಷ್ಟನ್ನೇ ಬರೆಯುವುದೆಂದು ತೀರ್ಮಾನವಾಯಿತು, ಅವರ ತಾತನ ಹೆಸರಿನೊಂದಿಗೆ.

ಆಮೇಲೆ ಅವರು ವಾರ್ನಿಷನ್ನು ಉಗುರಿನಿಂದ ಕೆರೆದು ನೋಡಿ, ಹಿಟ್ಟು ತಾಗುವುದು ಬಟ್ಟಲಿಗೂ ಗೂಟಕ್ಕೂ ಮಾತ್ರ, ಬಟ್ಟಲು ಹಿತ್ತಾಳೆಯದು, ಗೂಟ ಅಟ್ಟದಲ್ಲಿದ್ದುದರಿಂದ ಅದಕ್ಕೆ ಬಣ್ಣ ಬಿದ್ದಿಲ್ಲ, ಹೊರಗೆ ಏನು ಬಳಿದರೆ ಏನಂತೆ ಎಂದರು. ನನ್ನ ಉತ್ತರ ಅಲ್ಲಿಗೆ ಬಿದ್ದುಹೋಯಿತು. ಸನ್ನೆ ಸಿಕ್ಕಿಸುವ ತೂತು ಸವೆದಿದ್ದರಿಂದ ಹೊಸ ಆಣಿಯೊಂದನ್ನು ಮಾಡಿಕೊಟ್ಟರು.

ದೀಪಾವಳಿಗೆ ದೊಡ್ಡಮ್ಮ ಬಟ್ಟಲನ್ನು ಹುಣಸೆಹಣ್ಣಿನಿಂದ ಬೆಳಗಿದರು. ಎರಡು ಸೇರು ಅಕ್ಕಿಯ ಶಾವಿಗೆಯಾಯಿತು. ಮನೆಯಲ್ಲಿದ್ದ ಅತಿಥಿಗಳ ಮಗುವನ್ನು ಸನ್ನೆಯ ತುದಿಗೆ ಕೂರಿಸಿದರೆ ಭಾರ ಸಾಲಲಿಲ್ಲ, ಅದರ ಹಿಂದೆ ನಾನೂ ಕುಳಿತೆ. ಜಗಲಿಯಲ್ಲಿ ಹಲಗೆ ಖಾಲಿಯಿತ್ತು, ಮೇಲಿನ ದೀಪವನ್ನು ಆರಿಸುವುದು ಅಣ್ಣನಿಗೆ ಮರೆತಿತ್ತು.